ನೀನು ಅವಳಿಗೆ ಏನಾಗಬೇಕು?



ಹೋದ ತಿಂಗಳ ಕೊನೆಯ ಭಾನುವಾರ ನಮ್ಮ ಸಂಘದ ಉಳಿತಾಯದ ಲೆಕ್ಕ ಬೇಗ ಮುಗಿಯಿತು. ನನ್ನ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಹಾಕಿದಳು. ಹದಿನಾಲ್ಕು ಜನ ಚಾಪೆಯ ಮೇಲೆ ಒತ್ತಿಕೊಂಡು ಕೂತು ನೋಡಿದೆವು. ಮುಗಿದಾಗ ಒಬ್ಬರು ಸೀರೆ ಕೊಡವಿಕೊಂಡು ಎದ್ದು, "ಇದರಲ್ಲಿ ಕಥೆ ಎಲ್ಲಿದೆ? ಹೆಂಗಸರು ಒಬ್ಬರಿಗೊಬ್ಬರು ಆಸರೆಯಾದರು, ಅಷ್ಟೇ ತಾನೇ?" ಅಂದರು. ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ, ಕೋಪ ಮಾತ್ರ ಬಂತು. ಆ ಕೋಪವನ್ನೇ ಈಗ ಬರೆಯುತ್ತಿದ್ದೇನೆ.

ಸಿನಿಮಾದ ಹೆಸರು 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್'. ಪಾಯಲ್ ಕಪಾಡಿಯಾ ಎಂಬ ಹೆಣ್ಣುಮಗಳು ಮಾಡಿದ್ದು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಎರಡನೆಯ ದೊಡ್ಡ ಬಹುಮಾನ ಬಂತು ಎಂದು ಪೇಪರುಗಳಲ್ಲಿ ಬರೆದರು. ಬಹುಮಾನದ ವಿಚಾರ ಹಾಗಿರಲಿ. ಮುಂಬಯಿಯ ಒಂದು ಆಸ್ಪತ್ರೆ. ಅಲ್ಲಿ ಪ್ರಭಾ ಕೇರಳದಿಂದ ಬಂದ ನರ್ಸ್, ಪಾರ್ವತಿ ಅದೇ ಆಸ್ಪತ್ರೆಯ ಅಡುಗೆಯವಳು. ಪ್ರಭಾಳಿಗೆ ಹಿರಿಯರು ನೋಡಿ ಮದುವೆ ಮಾಡಿದ್ದಾರೆ. ಗಂಡ ಜರ್ಮನಿಗೆ ಹೋದವನು ಫೋನು ಮಾಡುವುದನ್ನೂ ಬಿಟ್ಟಿದ್ದಾನೆ. ಪಾರ್ವತಿ ವಿಧವೆ. ಅವಳು ಎಷ್ಟೋ ವರ್ಷದಿಂದ ಬಾಳಿದ ಮನೆಯನ್ನು ಬಿಲ್ಡರ್ ಕೆಡವಬೇಕು. ಮನೆ ಅವಳದು ಎನ್ನಲು ಕೈಯಲ್ಲಿ ಒಂದು ಕಾಗದವಿಲ್ಲ. ಪ್ರಭಾ ಅವಳ ಜೊತೆ ವಕೀಲರನ್ನು ಕಾಣುತ್ತಾಳೆ. ಕಾಗದವಿಲ್ಲದ ಹೆಂಗಸಿಗೆ ಕಾನೂನಿನಲ್ಲಿ ಜಾಗವಿಲ್ಲ ಎಂದು ತಿಳಿದ ಮೇಲೆ ಇಬ್ಬರೂ ಸೇರಿ ರಾತ್ರಿ ಆ ಬಿಲ್ಡರನ ದೊಡ್ಡ ಜಾಹೀರಾತು ಫಲಕಕ್ಕೆ ಕಲ್ಲು ಹೊಡೆಯುತ್ತಾರೆ. ಕೊನೆಗೆ ಪಾರ್ವತಿ ರತ್ನಾಗಿರಿ ಕಡೆಯ ತನ್ನ ಹಳ್ಳಿಗೆ ಗಂಟುಮೂಟೆ ಕಟ್ಟಿದಾಗ ಪ್ರಭಾ ಮತ್ತು ಅವಳ ಕೋಣೆಯ ಜೊತೆಗಾತಿ ಅನು ಸಾಮಾನು ಹೊತ್ತು ಜೊತೆಗೆ ಹೋಗುತ್ತಾರೆ. ಕೇಸು ಗೆಲ್ಲುವುದಿಲ್ಲ, ಮನೆ ಸಿಗುವುದಿಲ್ಲ. ಹಳ್ಳಿಯ ಮನೆಯಲ್ಲಿ ಪಾರ್ವತಿ ಮತ್ತು ಅನು ಸ್ವಲ್ಪ ಕುಡಿದು ಕುಣಿಯುವುದೂ ಇದೆ. ಅದಕ್ಕೆ ನಮ್ಮ ಸಂಘದಲ್ಲಿ ಮೂಗು ಮುರಿದವರಿದ್ದಾರೆ.

ಪ್ರಭಾ ಪಾರ್ವತಿಗೆ ಏನಾಗಬೇಕು? ಅಕ್ಕನಲ್ಲ, ತಂಗಿಯಲ್ಲ, ನಾದಿನಿಯಲ್ಲ. ಒಂದು ಭಾಷೆಯವರಲ್ಲ, ಒಂದು ಊರಿನವರೂ ಅಲ್ಲ. ಒಂದೇ ಕಡೆ ದುಡಿಯುತ್ತಾರೆ, ಅಷ್ಟೇ. "ಅಷ್ಟೇ" ಎಂದು ನಾವು ಕೈಕೊಡವಿದ ಈ ಸಂಬಂಧದ ಬಗ್ಗೆ ನನಗೆ ಹೇಳಬೇಕಾದದ್ದಿದೆ. ಯಾಕೆಂದರೆ ಇದೇ ಪ್ರಶ್ನೆಯನ್ನು ನನಗೆ ಒಂದು ಪೊಲೀಸ್ ಠಾಣೆಯಲ್ಲಿ ಕೇಳಿದ್ದಾರೆ.

ನಾನು ಹೊಸೂರು ರಸ್ತೆಯ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿನೆಂಟು ವರ್ಷ ದುಡಿದವಳು. 2006ರಲ್ಲಿ ನನ್ನ ಪಕ್ಕದ ಮಿಷನ್ನಿಗೆ ಒಬ್ಬ ಹುಡುಗಿ ಬಂದಳು, ಮದ್ದೂರು ಕಡೆಯವಳು. ನಾನು ತೋಳು ಕೂರಿಸುತ್ತಿದ್ದೆ, ಅವಳು ಕಾಲರ್ ಕೂರಿಸುತ್ತಿದ್ದಳು. ಲೈನಿನಲ್ಲಿ ಮಾತಾಡಿದರೆ ಸೂಪರ್‌ವೈಸರ್ ಬೈಗುಳ. ಆದರೂ ಎಲ್ಲರೂ ಮಾತಾಡುತ್ತೇವೆ. ತಲೆ ತಿರುಗಿಸದೆ, ಕಣ್ಣು ಸೂಜಿಯ ಮೇಲಿಟ್ಟು, ಮಿಷನ್ನಿನ ಸದ್ದಿನ ಕೆಳಗೆ ತುಟಿ ಆಡಿಸುವುದು ಗಾರ್ಮೆಂಟ್ಸ್ ಹೆಂಗಸರಿಗೆ ಮೊದಲ ತಿಂಗಳಲ್ಲೇ ಬಂದುಬಿಡುತ್ತದೆ. ಅವಳ ಗಂಡ ಆಟೋ ಕೊಳ್ಳಲು ತವರಿನಿಂದ ದುಡ್ಡು ತಾ ಎನ್ನುತ್ತಾನೆಂದು ನನಗೆ ತಿಳಿದದ್ದು ಹಾಗೆ. ಮದುವೆಯಲ್ಲಿ ಕೊಟ್ಟ ಸರ, ಉಂಗುರ, ವಾಚು ಯಾವುದೂ ಸಾಲದು. ಸಂಬಳದ ದಿನ ಗೇಟಿನ ಹೊರಗೆ ಅವನು ನಿಂತಿರುತ್ತಿದ್ದ. ಸೋಮವಾರ ಬೆಳಿಗ್ಗೆ ಅವಳು ಬಾಬಿನ್ ಬದಲಾಯಿಸಲು ಕೈ ಎತ್ತುವ ರೀತಿಯಲ್ಲೇ ಭಾನುವಾರ ಮನೆಯಲ್ಲಿ ಏನು ನಡೆಯಿತೆಂದು ನನಗೆ ಗೊತ್ತಾಗುತ್ತಿತ್ತು. ಅವಳ ತಾಯಿಗೆ ಗೊತ್ತಾಗುವ ಮೊದಲು, ತಂದೆಗೆ ಗೊತ್ತಾಗುವ ಎಷ್ಟೋ ಮೊದಲು. ದೂರದ ತವರಿಗೆ ಮಗಳು ಫೋನಿನಲ್ಲಿ "ಚೆನ್ನಾಗಿದೀನಮ್ಮ" ಎಂದೇ ಹೇಳುತ್ತಾಳೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿದ್ದನ್ನು ನೋಡುವವಳು ಪಕ್ಕದಲ್ಲಿ ಕೂತವಳು.

2012ರಲ್ಲಿ ಒಂದು ದಿನ ಅವಳು ಕೆಲಸಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅರ್ಧ ದಿನ ರಜೆ ಹಾಕಿ ಅವಳ ಮನೆಗೆ ಹೋದೆ. ಹೊರಗಿನಿಂದ ಬೀಗ, ಒಳಗೆ ಅವಳು. ಕಿಟಕಿಯಿಂದ ನೋಡಿದರೆ ಮುಖದ ಒಂದು ಕಡೆ ಊದಿಕೊಂಡು ಕಣ್ಣು ಕಾಣುತ್ತಿಲ್ಲ. ನಾನು ನೇರ ಠಾಣೆಗೆ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ, ನೀವೆಲ್ಲ ಒಂದಲ್ಲ ಒಂದು ಠಾಣೆಯ ಬೆಂಚಿನ ಮೇಲೆ ಕೂತವರೇ. ರೈಟರ್ ನನ್ನ ಮಾತನ್ನೆಲ್ಲ ಕೇಳಿ, ಪೆನ್ನು ತೆರೆಯದೆ, "ಏನಮ್ಮಾ, ನೀನು ಅವಳಿಗೆ ಏನಾಗ್ಬೇಕು?" ಅಂದ.

"ಜೊತೇಲಿ ಕೆಲಸ ಮಾಡ್ತೀವಿ ಸಾರ್."

"ಸಂಬಂಧ ಏನು ಅಂತ ಕೇಳಿದ್ದು."

"ಸ್ನೇಹಿತೆ ಸಾರ್."

ಅವನು ನಕ್ಕ. "ಹೋಗಮ್ಮ, ಗಂಡಹೆಂಡ್ತಿ ಜಗಳ. ಅವರಪ್ಪನ್ನೋ ಅಣ್ಣನ್ನೋ ಕಳ್ಸು."

ಅವನನ್ನು ಒರಟ, ಲಂಚಕೋರ ಎಂದು ಬೈದು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಆಮೇಲೆ ಕಾನೂನು ಶಿಬಿರವೊಂದರಲ್ಲಿ ಕೂತಾಗ ತಿಳಿಯಿತು: ಅವನ ನಗು ಅವನದು, ಪ್ರಶ್ನೆ ಮಾತ್ರ ಕಾನೂನಿನದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಜೈಲು ಎನ್ನುವ 498ಎ ಕಲಂ 1983ರಲ್ಲಿ ಬಂತು. ಅದಕ್ಕಾಗಿ ನಮ್ಮ ಹಿರಿಯರು ಬೀದಿಗಿಳಿದಿದ್ದರು. ಆದರೆ ಅದರ ಬಾಲದಲ್ಲಿ ಒಂದು ಗಂಟು ಹಾಕಿಟ್ಟಿದ್ದಾರೆ. ಪೊಲೀಸರು ತಾವಾಗಿ ತನಿಖೆಗೆ ಇಳಿಯಬೇಕಾದರೆ ದೂರು ಆ ಹೆಂಗಸಿನಿಂದಲೇ ಬರಬೇಕು, ಇಲ್ಲವೇ ರಕ್ತದಿಂದ, ಮದುವೆಯಿಂದ, ದತ್ತಿನಿಂದ ಅವಳಿಗೆ ಸಂಬಂಧವಾದವರಿಂದ ಬರಬೇಕು. ಅಂಥವರು ಯಾರೂ ಇಲ್ಲದಿದ್ದರೆ ಸರ್ಕಾರ ಗೊತ್ತುಮಾಡಿದ ನೌಕರರಿಂದ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 498ಎ ಇದ್ದದ್ದು 85 ಮತ್ತು 86 ಆಯಿತು. ನಂಬರು ಬದಲಾಯಿತು, ಗಂಟು ಹಾಗೇ ಉಳಿಯಿತು.

ಬೀಗ ಹಾಕಿದ ಮನೆಯೊಳಗಿನವಳು ಠಾಣೆಗೆ ಹೇಗೆ ಬರುತ್ತಾಳೆ? ರಕ್ತ ಸಂಬಂಧಿಗಳು ಎಲ್ಲಿದ್ದಾರೆ? ಮದುವೆಯ ಸಂಬಂಧಿಗಳು ಯಾರು? ಹೊಡೆಯುತ್ತಿರುವವರೇ ಅಲ್ಲವೇ!

ಇನ್ನೊಂದು ವಿಚಿತ್ರ ನೋಡಿ. ಅದೇ ಹುಡುಗಿ ಬೆಂಕಿಯಲ್ಲಿ ಬೆಂದು ಸತ್ತಿದ್ದರೆ ನನ್ನನ್ನು ಕರೆದು ಕೂರಿಸುತ್ತಿದ್ದರು. ಮದುವೆಯಾಗಿ ಏಳು ವರ್ಷದೊಳಗೆ, ವರದಕ್ಷಿಣೆಯ ಕಿರುಕುಳದ ಬೆನ್ನಲ್ಲೇ ಅಸಹಜವಾಗಿ ಸತ್ತರೆ ಅದು ವರದಕ್ಷಿಣೆ ಸಾವು. ಆಗ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸಾವಿಗೆ ಕಾರಣವಾದ ಸಂಗತಿಗಳ ಬಗ್ಗೆ ಅವಳು ಗೆಳತಿಯ ಹತ್ತಿರ ಹೇಳಿಕೊಂಡ ಮಾತೂ ಕೋರ್ಟಿನಲ್ಲಿ ಸಾಕ್ಷ್ಯವಾಗಬಹುದು. ಬದುಕಿರುವಾಗ ನಾನು ಅವಳಿಗೆ ಏನೂ ಆಗಬೇಕಾಗಿಲ್ಲ, ಸತ್ತ ಮೇಲೆ ಸಾಕ್ಷಿ. ಇದನ್ನು ಬರೆದವರು ಯಾರ ಮನೆಯಲ್ಲಿ ಕೂತು ಬರೆದರೋ ಕಾಣೆ.

ಅವಳ ಅಪ್ಪನನ್ನು ನಾನೇ ಫೋನು ಮಾಡಿ ಕರೆಸಿದೆ. ಅವರು ಬಂದರು. ಕಾನೂನು ಬಯಸುವ ಸಂಬಂಧಿ ಬಂದ ಮೇಲೆ ಏನಾಯಿತು? ಠಾಣೆಯಲ್ಲಿ ಅಳಿಯನ ಪಕ್ಕ ಕುರ್ಚಿಯಲ್ಲಿ ಕೂತು 'ಇನ್ನು ಮುಂದೆ ಅನ್ಯೋನ್ಯವಾಗಿರುತ್ತೇವೆ' ಎಂಬ ಕಾಗದಕ್ಕೆ ಸಹಿ ಹಾಕಿಸಿದರು. ಮಗಳಿಗೆ "ಹೊಂದಿಕೊಂಡು ಹೋಗವ್ವ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂದರು. ಆ ಮನುಷ್ಯ ಕೆಟ್ಟವರಲ್ಲ. ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆಯ ಸಾಲ ಅವರ ತಲೆಯ ಮೇಲಿತ್ತು. ಆದರೆ ನಾಲ್ಕು ತಿಂಗಳ ಮೇಲೆ ಅವಳು ಒಂದು ಪ್ಲಾಸ್ಟಿಕ್ ಚೀಲ ಮತ್ತು ಮಗುವಿನ ಜೊತೆ ನನ್ನ ಒಂದು ಕೋಣೆಯ ಮನೆ ಬಾಗಿಲಿಗೆ ಬಂದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ಇವತ್ತಿಗೂ ಕೇಳಿಸುವುದಿಲ್ಲ. ಆ ಕಿವಿಗೆ ಹೊಣೆ ಹೊಡೆದವನೊಬ್ಬನೇ ಏನು?

ಅವಳು ನನ್ನ ಮನೆಯಲ್ಲಿ ಹನ್ನೊಂದು ತಿಂಗಳಿದ್ದಳು. ಮನೆ ಮಾಲೀಕರು ಮೊದಲ ವಾರವೇ ಕೇಳಿದರು: "ಆಕೆ ನಿಮಗೆ ಏನಾಗ್ಬೇಕು?" ಚಿಕ್ಕಮ್ಮನ ಮಗಳು ಎಂದು ಸುಳ್ಳು ಹೇಳಿದೆ. ಸ್ನೇಹಿತೆ ಎಂದಿದ್ದರೆ ಮನೆ ಖಾಲಿ ಮಾಡಿಸುತ್ತಿದ್ದರು. ಶಾಲೆಯಲ್ಲಿ ಮಗುವನ್ನು ಕರೆತರಲು ಹೋದರೂ ಇದೇ ಪ್ರಶ್ನೆ.

ಈಗ ಬಹಳ ಜನ ಹೇಳುವ ಮಾತಿಗೆ ಬರುತ್ತೇನೆ. "ಹೆಣ್ಣಿಗೆ ಹೆಣ್ಣೇ ಶತ್ರು." ಪಂಚಾಯಿತಿಯ ಹಿರಿಯರು ಹೇಳುತ್ತಾರೆ, ಹೊಡೆದ ಗಂಡಂದಿರು ಹೇಳುತ್ತಾರೆ, ಸಂಜೆ ಏಳರಿಂದ ಹತ್ತರವರೆಗೆ ಟಿವಿ ಧಾರಾವಾಹಿಗಳು ಒಂದೇ ಸಮ ಹೇಳುತ್ತವೆ. ರೇಷ್ಮೆ ಸೀರೆ, ಮೈತುಂಬ ಒಡವೆ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಹಾಲಿಗೆ ವಿಷ ಬೆರೆಸುವ ನಾದಿನಿ, ಸೊಸೆಯನ್ನು ಹಾಳು ಮಾಡಲು ಹೊಂಚುವ ಅತ್ತೆ. ಈ ಹೆಂಗಸರಿಗೆ ದುಡಿಮೆಯೇ ಇಲ್ಲ, ಬಸ್ಸು ಹಿಡಿಯಬೇಕಾಗಿಲ್ಲ, ಪಕ್ಕದಲ್ಲಿ ಕೂರುವ ಒಬ್ಬ ಜೊತೆಗಾತಿಯೂ ಇಲ್ಲ. ಅದನ್ನು ನೋಡಿ ನಾವು "ಕಥೆ" ಎನ್ನುತ್ತೇವೆ. ಪ್ರಭಾ ಪಾರ್ವತಿಯ ಚೀಲ ಹೊತ್ತರೆ ಕಥೆಯಲ್ಲ ಎನ್ನುತ್ತೇವೆ.

ಗದ್ದೆಯ ಬದುವಿಗೆ ಅಣ್ಣತಮ್ಮಂದಿರು ಮಚ್ಚು ಹಿಡಿದು ಹೊಡೆದಾಡಿ ಕೋರ್ಟಿನಲ್ಲಿ ಮೂವತ್ತು ವರ್ಷ ಅಲೆಯುತ್ತಾರೆ. ಯಾರಾದರೂ "ಗಂಡಿಗೆ ಗಂಡೇ ಶತ್ರು" ಎಂದು ಗಾದೆ ಕಟ್ಟಿದ್ದನ್ನು ಕೇಳಿದ್ದೀರಾ?

ಅತ್ತೆ ಹಿಂಸೆ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ಗೆಳತಿಯ ಅತ್ತೆಯೇ ಬಾಗಿಲಿಗೆ ಬೀಗ ಹಾಕಿದ್ದು. ಜೈಲಿಗೆ ಹೋಗಬೇಕಾದವಳು ಹೋಗಲಿ, ವಯಸ್ಸಾದವಳು ಎಂದು ನಾನು ಬಿಡು ಎನ್ನುವವಳಲ್ಲ. ಆದರೆ ತವರಿನಿಂದ ಕೊನೆಗೂ ಬಂದ ದುಡ್ಡಿನಲ್ಲಿ ಕೊಂಡ ಆಟೋ ಯಾರ ಹೆಸರಿನಲ್ಲಿತ್ತು ಕೇಳಿ. ಅತ್ತೆಯ ಹೆಸರಿನಲ್ಲೇ? ಮಗನ ಹೆಸರಿನಲ್ಲಿ. ಆ ಮುದುಕಿಗೆ ಅದರ ಬಾಡಿಗೆಯಿಂದ ಎಲೆ ಅಡಿಕೆಗೆ ದುಡ್ಡು ಬರುತ್ತಿತ್ತೋ ಇಲ್ಲವೋ. ಮಗನ ಅನ್ನ ತಿಂದು ಬದುಕುವವಳನ್ನು ಮಗನ ಕಾವಲಿಗೆ ನಿಲ್ಲಿಸಿ, ಲಾಭ ಅವನಿಗೆ, ಹೆಸರು ಅವಳಿಗೆ. ಈ ಗಾದೆ ಯಾರಿಗೆ ಅನುಕೂಲ ಎಂದು ಇದರಲ್ಲೇ ಗೊತ್ತಾಗುತ್ತದೆ.

ಹೆಂಗಸರು ಒಟ್ಟಾಗುವುದಿಲ್ಲ ಎನ್ನುವವರು 2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಗೆ ಬರಬೇಕಿತ್ತು. ಪಿ.ಎಫ್.ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ನಮಗೆ ಆ ದುಡ್ಡೆಂದರೆ ಹೆರಿಗೆ, ಕಾಯಿಲೆ, ಮಕ್ಕಳ ಫೀಜು, ಗಂಡನ ಮನೆ ಬಿಟ್ಟು ಬಂದರೆ ಹೊಸ ಬಾಡಿಗೆಮನೆಯ ಅಡ್ವಾನ್ಸು. ಕರಪತ್ರವಿರಲಿಲ್ಲ, ವೇದಿಕೆಯಿರಲಿಲ್ಲ. ಪಕ್ಕದ ಮಿಷನ್ನಿನವಳು ಪಕ್ಕದವಳಿಗೆ ಹೇಳಿದಳು, ಅಷ್ಟೇ. ಹೊಸೂರು ರಸ್ತೆ ಹೆಂಗಸರಿಂದ ತುಂಬಿಹೋಯಿತು. ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಕಲ್ಲು ಬಿದ್ದದ್ದು, ಬಸ್ಸು ಸುಟ್ಟದ್ದು ಆಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಏಪ್ರಿಲ್ 19ರಂದು ಸರ್ಕಾರ ನಿಯಮ ಹಿಂದೆ ತೆಗೆದುಕೊಂಡಿತು. ಕಿವಿ ಕೇಳದ ನನ್ನ ಗೆಳತಿ ನನ್ನ ಬಲಗೈ ಹಿಡಿದೇ ನಡೆದಳು, ಎಡಗಡೆಯಿಂದ ಬರುವ ಗಾಡಿ ಅವಳಿಗೆ ತಿಳಿಯುವುದಿಲ್ಲವಲ್ಲ.

ಇಷ್ಟೆಲ್ಲ ಬೇರೆಯವರನ್ನು ಬೈದ ಮೇಲೆ ನನ್ನದನ್ನೂ ಹೇಳಬೇಕು. ಅವಳು ನಮ್ಮ ಸಂಘದ ಸದಸ್ಯೆಯೇ ಆಗಿದ್ದಳು. ಠಾಣೆಯ ಗಲಾಟೆಗೆ ಒಂದು ವರ್ಷ ಮೊದಲು ಹತ್ತು ಸಾವಿರ ಸಾಲ ತೆಗೆದುಕೊಂಡಳು, ಕಾರಣ 'ಮಗುವಿನ ಓದು' ಎಂದು ಬರೆಸಿದಳು. ಮೂರು ಕಂತು ಕಟ್ಟಲಿಲ್ಲ. ಆಗ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಎಲ್ಲರ ಮುಂದೆ ನಾನು, "ಹೊಸ ಸೀರೆ ಉಡೋಕೆ ಬರುತ್ತೆ, ಕಂತು ಕಟ್ಟೋಕೆ ಬರಲ್ವಾ?" ಎಂದೆ. ಅವಳು ಸೆರಗು ಎಳೆದು ಕತ್ತು ಮುಚ್ಚಿಕೊಂಡಳು. ಆ ಸೆರಗಿನ ಕೆಳಗೆ ಏನಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಹತ್ತು ಸಾವಿರ ಎಲ್ಲಿ ಹೋಯಿತೆಂದು ಯೋಚಿಸಿದ್ದರೆ ತಿಳಿಯುತ್ತಿತ್ತು. ಮಿಷನ್ನಿನ ಮುಂದೆ ಗೆಳತಿಯಾಗಿದ್ದವಳು ಪುಸ್ತಕ ಹಿಡಿದ ಕೂಡಲೇ ಸಾಲ ವಸೂಲಿಯವಳಾದೆ. ಒಬ್ಬಳು ಕಟ್ಟದಿದ್ದರೆ ಎಲ್ಲರ ಮುಂದಿನ ಸಾಲ ನಿಲ್ಲುತ್ತದೆ ಎಂಬ ಬ್ಯಾಂಕಿನ ಲೆಕ್ಕ ನಮ್ಮನ್ನೇ ನಮ್ಮ ಮೇಲೆ ಕಾವಲು ಕೂರಿಸಿದೆ. ಕಂತು ಬರಬೇಕು ನಿಜ. ಆದರೆ ಕಂತು ತಪ್ಪಿದ ಮನೆಗೆ ಹೋಗಿ "ದುಡ್ಡು ಎಲ್ಲಿ" ಎಂದು ಕೇಳುವ ಮೊದಲು "ಏನಾಯಿತು" ಎಂದು ಕೇಳಿದ ಸಂಘ ಎಷ್ಟಿದೆ? ನಮ್ಮ ಸಂಘದಲ್ಲಿ ಆ ದಿನ ಯಾರೂ ಕೇಳಲಿಲ್ಲ.

ಹಾಗಾದರೆ ಗೆಳತಿಗೆ ಕಾನೂನಿನಲ್ಲಿ ಬಾಗಿಲೇ ಇಲ್ಲವೇ? ಒಂದಿದೆ, ಅದನ್ನು ನಮಗೆ ಯಾರೂ ತೋರಿಸಲಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 4ನೇ ಕಲಂ ಓದಿ. ದೌರ್ಜನ್ಯ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಯಾವುದೇ ವ್ಯಕ್ತಿ! ರಕ್ತ ಬೇಡ, ಮದುವೆ ಬೇಡ, ದತ್ತು ಬೇಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವಳ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅಲ್ಲೇ ಬರೆದಿದೆ. 5ನೇ ಕಲಂ ಪ್ರಕಾರ, ದೌರ್ಜನ್ಯದ ವಿಷಯ ಕಿವಿಗೆ ಬಿದ್ದ ಪೊಲೀಸರು ಆ ಹೆಂಗಸಿಗೆ ಅವಳ ಹಕ್ಕುಗಳನ್ನು ತಿಳಿಸಲೇಬೇಕು. ನಾನು ಆ ಠಾಣೆಯ ಮೆಟ್ಟಿಲು ಹತ್ತಿದಾಗ ಈ ಕಾಯ್ದೆಗೆ ಐದು ವರ್ಷ ತುಂಬಿ ಹೋಗಿತ್ತು. ರೈಟರ್ ಹೇಳಬೇಕಾದದ್ದು ಒಂದೇ ವಾಕ್ಯ, "ರಕ್ಷಣಾಧಿಕಾರಿ ಹತ್ತಿರ ಹೋಗಮ್ಮ" ಎಂದು. ಹೇಳಿದ್ದರೆ ಒಂದು ಕಿವಿ ಉಳಿಯುತ್ತಿತ್ತು.

1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲೂ ಒಂದು ಕಿಂಡಿಯಿದೆ. ನೊಂದವಳು, ಅವಳ ತಂದೆತಾಯಿ, ಸಂಬಂಧಿಕರು ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯೂ ಕೋರ್ಟಿಗೆ ದೂರು ಕೊಡಬಹುದು. ಬರೀ ಉಳಿತಾಯದ ಸಂಘ ಎಂದರೆ ಅದರೊಳಗೆ ಬರುವುದಿಲ್ಲ. ಆದರೆ ಅಂಥ ಸಂಸ್ಥೆಯ ಬಾಗಿಲು ತಟ್ಟಲು ನಮಗೆ ಯಾರ ಅಪ್ಪಣೆ ಬೇಕು? ಈಗಲೇ ಈಗ ಹೊಡೆತ ಬೀಳುತ್ತಿದ್ದರೆ 112, ಮಾತಾಡಿ ದಾರಿ ಕೇಳಲು 181. ಈ ಎರಡು ನಂಬರನ್ನು ಪಾಸ್‌ಪುಸ್ತಕದ ಹಿಂದೆ ಬರೆದುಕೊಳ್ಳಿ.

4ನೇ ಕಲಂ ಇದೆಯಲ್ಲ, ಸಾಕು ಎಂದು ಕೆಲವರು ಅನ್ನಬಹುದು. ಸಾಲದು. ಆ ಕಾಯ್ದೆ ಮನೆಯಲ್ಲಿರುವ ಹಕ್ಕು ಕೊಡುತ್ತದೆ, ರಕ್ಷಣೆಯ ಆದೇಶ ಕೊಡುತ್ತದೆ, ಜೀವನಾಂಶ ಕೊಡುತ್ತದೆ. ಹೊಡೆದದ್ದಕ್ಕೆ ಶಿಕ್ಷೆ ಬೇಕಾದರೆ ಮತ್ತೆ 85ರ ಬಾಗಿಲಿಗೇ ಬರಬೇಕು, ಅಲ್ಲಿ ಮತ್ತೆ ಅದೇ ಪ್ರಶ್ನೆ. ಆ ಪಟ್ಟಿಯಲ್ಲಿ ಜೊತೆಯಲ್ಲಿ ದುಡಿಯುವವಳು, ನೆರೆಯವಳು, ಸಂಘದವಳು ಸೇರಬೇಕು. ಸುಳ್ಳು ಕೇಸು ಹೆಚ್ಚಾಗುತ್ತದೆ ಎನ್ನುವರು. ಹದಿನೆಂಟು ವರ್ಷದ ದುಡಿಮೆಯಲ್ಲಿ ಅರ್ಧ ದಿನದ ಸಂಬಳ ಕಳೆದುಕೊಂಡು, ಸೂಪರ್‌ವೈಸರ್ ಬೈಗುಳ ತಿಂದು, ಪರರ ಮನೆಯ ಸುಳ್ಳು ಹೇಳಲು ಠಾಣೆಯ ಬೆಂಚಿನ ಮೇಲೆ ಕೂರುವ ಹೆಂಗಸನ್ನು ನಾನಂತೂ ನೋಡಲಿಲ್ಲ.

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿ ಇರುವುದನ್ನು ಮಾಡಬಹುದು. ನಮ್ಮ ಸದಸ್ಯತ್ವದ ಅರ್ಜಿಯಲ್ಲಿ 'ತಂದೆ/ಗಂಡನ ಹೆಸರು' ಎಂದು ಒಂದು ಸಾಲಿದೆ. ಅದರ ಕೆಳಗೆ 'ನಿನಗೆ ತೊಂದರೆಯಾದರೆ ನಮಗೆ ಹೇಳುವವಳು ಯಾರು?' ಎಂದು ಇನ್ನೊಂದು ಸಾಲು ಹಾಕಬೇಕೆಂದು ಆ ಭಾನುವಾರವೇ ಕೇಳಿದೆ. ಕಾರ್ಯದರ್ಶಿಯವರು, ಅರ್ಜಿಯ ನಮೂನೆ ಮೇಲಿನಿಂದ ಬಂದದ್ದು, ನಾವು ತಿದ್ದುವಂತಿಲ್ಲ ಎಂದರು. ಸರಿ, ನಡಾವಳಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯೋಣ ಎಂದೆ. ಅದಕ್ಕೆ ಯಾರೂ ಬೇಡವೆನ್ನಲಿಲ್ಲ, ಹೂಂ ಎಂದವರೂ ಕಡಿಮೆ. "ಗಂಡ ನೋಡಿದರೆ ಏನಂತಾನೆ" ಎಂದು ಒಬ್ಬಳು ಪಿಸುಗುಟ್ಟಿದಳು.

ನನ್ನ ಗೆಳತಿ ಅಂದು ಬಲಗಿವಿ ಲ್ಯಾಪ್‌ಟಾಪಿನ ಕಡೆ ಮಾಡಿ ಕೂತು ಸಿನಿಮಾ ಪೂರ್ತಿ ನೋಡಿದ್ದಳು. ಅದರಲ್ಲಿ ಪ್ರಭಾಳ ಮನೆಗೆ ಜರ್ಮನಿಯಿಂದ ಒಂದು ರೈಸ್ ಕುಕ್ಕರ್ ಬರುತ್ತದೆ, ಜೊತೆಗೆ ಒಂದು ಕಾಗದವೂ ಇರುವುದಿಲ್ಲ. ರಾತ್ರಿ ಅವಳು ನೆಲದ ಮೇಲೆ ಕೂತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಎಲ್ಲರೂ ಎದ್ದು ಹೋದ ಮೇಲೆ ಗೆಳತಿ ನನ್ನನ್ನು ಕೇಳಿದಳು, "ಅಕ್ಕಾ, ಆ ಕುಕ್ಕರ್‌ನಲ್ಲಿ ಅವಳು ಅನ್ನ ಮಾಡಿದ್ಲಾ ಇಲ್ವಾ?" ನಾನು ಗಮನಿಸಿರಲಿಲ್ಲ. "ನಾನಾಗಿದ್ರೆ ಮಾರಿ ಪಾರ್ವತಿ ವಕೀಲರ ಫೀಜಿಗೆ ಕೊಡ್ತಿದ್ದೆ" ಎಂದಳು. ಆಮೇಲೆ ನಡಾವಳಿ ಪುಸ್ತಕ ತೆಗೆದು ಕೊನೆಯ ಹಾಳೆಯಲ್ಲಿ ತನ್ನ ಹೆಸರು ಬರೆದು ಅದರ ಮುಂದೆ ನನ್ನ ಹೆಸರು ಬರೆದಳು. ನಾನೂ ಬರೆದೆ. ಇವತ್ತಿಗೆ ಆ ಹಾಳೆಯಲ್ಲಿ ಐದು ಜೋಡಿ ಹೆಸರುಗಳಿವೆ. ಪಿಸುಗುಟ್ಟಿದವಳು ಇನ್ನೂ ಬರೆದಿಲ್ಲ. ಹೋದ ವಾರ ಅವಳು ಸಭೆಗೆ ಬಂದಿರಲಿಲ್ಲ, ನಾಳೆ ನಾವಿಬ್ಬರು ಅವಳ ಮನೆ ಕಡೆ ಹೋಗುತ್ತಿದ್ದೇವೆ.